ನೆರೆಯವರು ಬರೆದ ಗೋಡೆ

ನರ್ಮದಾ ಮುರಗೋಡ ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಅವಳ ತಂದೆ ಕೃಷ್ಣಾಜಿ ಜಾತಕ ಬರೆಯುತ್ತಿದ್ದರು. ಜಾತಕದ ಅಂಚಿಗೆ ಬಳ್ಳಿ, ಮೇಲೊಂದು ಗಣಪತಿ ಬಿಡಿಸುವ ಕೆಲಸ ಹತ್ತು ವರ್ಷದ ಮಗಳದು. ತಂದೆ ತೀರಿಕೊಂಡ ಮೇಲೆ ಅವಳು ಧಾರವಾಡಕ್ಕೆ ಹೋಗಿ ಚಿತ್ರಕಲೆ ಕಲಿತು ಬಂದಳು. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹಾಗೇ ಹೋಯಿತು. ಮನೆಯಲ್ಲಿ ತಾಯಿ ಗಂಗೂಬಾಯಿ ಮತ್ತು ಅವಳು, ಇಬ್ಬರೇ.

ದೀಪಾವಳಿ ರಜೆ ಬಂತೆಂದರೆ ಒಳಗೆ ತಾಯಿ ಕರಚಿಕಾಯಿ ಕರಿಯುತ್ತಿದ್ದಳು, ಪಡಸಾಲೆಯಲ್ಲಿ ಮಗಳು ಹಲಗೆ ಕೆತ್ತುತ್ತಿದ್ದಳು. ಹಳೆಯ ಛತ್ರಿಯ ಕಡ್ಡಿಗಳನ್ನು ಕಮ್ಮಾರನಿಂದ ಸಾಣೆ ಹಿಡಿಸಿ ಸಣ್ಣ ಉಳಿಗಳನ್ನು ಮಾಡಿಕೊಂಡಿದ್ದಳು. ಬಜಾರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗಂಗಯ್ಯ ತನ್ನ ಪ್ರೆಸ್ಸಿನಿಂದ ಒಂದು ಡಬ್ಬಿ ಮಸಿ ಕೊಡುತ್ತಿದ್ದ. ಕೆತ್ತಿದ ಹಲಗೆಗೆ ಮಸಿ ಹಚ್ಚಿ, ಮೇಲೆ ಕಾಗದ ಹಾಸಿ, ಕಟ್ಟಿಗೆ ಸೌಟಿನ ಬೆನ್ನಿನಿಂದ ತಿಕ್ಕಿ ತಿಕ್ಕಿ ಒಂದೊಂದೇ ಚಿತ್ರ ಎಬ್ಬಿಸಬೇಕು. ಅರವತ್ತು ಕಾರ್ಡುಗಳಾಗುತ್ತಿದ್ದವು. ನೆಂಟರಿಗೆ, ಗೆಳತಿಯರಿಗೆ, ಊರು ಬಿಟ್ಟು ಹೋದ ವಿದ್ಯಾರ್ಥಿನಿಯರಿಗೆ ಹಬ್ಬದ ಶುಭಾಶಯವೆಂದು ಅಂಚೆಗೆ ಹಾಕುತ್ತಿದ್ದಳು.

"ಆ ಸೌಟು ಮತ್ತ ನನ್ನ ಅಡಗೀಮನಿಗೆ ತರಬ್ಯಾಡ," ಎಂದು ಗಂಗೂಬಾಯಿ ಪ್ರತಿ ವರ್ಷ ಹೇಳುತ್ತಿದ್ದಳು. ಪ್ರತಿ ವರ್ಷ ಹೊಸದೊಂದು ಸೌಟನ್ನೂ ಕೊಡುತ್ತಿದ್ದಳು.

ಕಾರ್ಡಿನ ಮೇಲೆ ಇರುತ್ತಿದ್ದುದು ಪಣತಿ, ನವಿಲು, ತುಳಸಿಕಟ್ಟೆ. ಎಲ್ಲರೂ ಚಲೋ ಇದೆ ಎನ್ನುತ್ತಿದ್ದರು. ನರ್ಮದಾಳಿಗೆ ಮಾತ್ರ ಅವು ತನ್ನವು ಅನ್ನಿಸುತ್ತಿರಲಿಲ್ಲ, ಯಾರೋ ಮೊದಲೇ ಬರೆದದ್ದನ್ನು ತಿದ್ದಿದಂತೆ ಇರುತ್ತಿದ್ದವು.

೧೯೭೪ರ ಸೆಪ್ಟೆಂಬರಿನಲ್ಲಿ ಅವಳನ್ನು ರಾಮದುರ್ಗಕ್ಕೆ ಡ್ರಾಯಿಂಗ್ ಪರೀಕ್ಷೆಯ ಮೇಲ್ವಿಚಾರಣೆಗೆ ಕಳಿಸಿದರು. ಪರೀಕ್ಷೆ ಮುಗಿಸಿ ಬರುವಾಗ ಕಟಕೋಳದಲ್ಲಿ ಬಸ್ಸು ಕೆಟ್ಟು ನಿಂತಿತು. ಎರಡು ತಾಸು ಬೇಕು ಅಂದ ಕಂಡಕ್ಟರ್. ಬಿಸಿಲಿಗೆ ಛತ್ರಿ ಬಿಚ್ಚಿ ನರ್ಮದಾ ರಸ್ತೆಗುಂಟ ನಡೆದಳು. ಊರ ಅಂಚಿನ ಓಣಿಯಲ್ಲಿ, ರಸ್ತೆಗೆ ಮುಖಮಾಡಿ ನಿಂತ ಒಂದು ಉದ್ದನೆಯ ಗೋಡೆ ಕಂಡು ಅಲ್ಲೇ ನಿಂತುಬಿಟ್ಟಳು.

ಗೋಡೆಯ ತುಂಬ ಮನುಷ್ಯರಿದ್ದರು. ಕೆಮ್ಮಣ್ಣು, ಕಾಡಿಗೆ, ಅರಿಷಿಣ, ಬಟ್ಟೆಗೆ ಹಾಕುವ ನೀಲಿ, ಇವಿಷ್ಟೇ ಬಣ್ಣಗಳು. ಕಲ್ಲು ಒಡೆಯುವವನು, ಕೂಸಿಗೆ ಎರೆಯುವವಳು, ಪಾಟಿ ಹಿಡಿದು ಸಾಲಿಗೆ ಹೊರಟ ಹುಡುಗಿ, ಒಂದು ಬೋಧಿಮರ, ಮರದ ಕೆಳಗೆ ಗೊರಕೆ ಹೊಡೆಯುತ್ತ ಮಲಗಿದ ಮುದುಕ. ಯಾರ ಕೈಕಾಲೂ ಅಳತೆಗೆ ಸರಿಯಿರಲಿಲ್ಲ. ಆದರೂ ಪ್ರತಿಯೊಬ್ಬರೂ ಎದುರಿಗೆ ಬಂದರೆ ಗುರುತು ಸಿಗುವ ಹಾಗಿದ್ದರು.

"ಏನ್ ನೋಡಾಕತ್ತೀರಿ ಅಕ್ಕೋರ?"

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಐವತ್ತರ ಹೆಂಗಸು ಹಿಂದೆ ನಿಂತಿದ್ದಳು. ಅವಳ ಹೆಸರು ಕೃಷ್ಣವ್ವ.

"ಇದನ್ನ ಯಾರು ಬರದಾರ್ರಿ?" ಎಂದು ಕೇಳಿದಳು ನರ್ಮದಾ.

"ಎಲ್ಲಾರೂ. ಇದು ನಮ್ಮ ಸಮಾಜ ಮಂದಿರ್ರಿ. ನಾವು ಬೌದ್ಧರಾದ ವರ್ಷ ಓಣಿಯವ್ರ ಕಲ್ಲು ಮಣ್ಣು ಹೊತ್ತು ಕಟ್ಟೇವಿ. ಗ್ವಾಡಿ ಬರೇ ಬಿಡಬಾರದು ಅಂತ ಇಪ್ಪತ್ತೆರಡು ಮನಿಯವ್ರೂ ಕೂಡಿ ಚಿತ್ರ ಬರದ್ವಿ. ಆದ್ರ ಒಂದು ಕರಾರು. ತನ್ನನ್ನ ತಾ ಬರಕೊಳ್ಳಾಂಗಿಲ್ಲ. ಬಾಜೂ ಮನಿಯವ್ರು ಬರೀಬೇಕು."

"ಯಾಕ?"

"ತನ್ನನ್ನ ತಾ ಬರಕೊಂಡ್ರ ಎಲ್ಲಾರೂ ರಾಜಾ ರಾಣಿ ಆಗ್ತಾರ್ರಿ!" ಕೃಷ್ಣವ್ವ ನಕ್ಕಳು. "ನನ್ನ ನೋಡ್ರಿ ಅಲ್ಲಿ, ನೀರು ಸೇದುವಾಕಿ. ಬಾಯಿ ತಗದ ಬರದಾರ. ಮಾತು ಭಾಳ ಅಂತ."

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮಾಸಿದ್ದನ್ನು ತಿದ್ದುತ್ತಿದ್ದರಂತೆ. ಹುಟ್ಟಿದವರನ್ನು ಸೇರಿಸುತ್ತಿದ್ದರು, ಸತ್ತವರನ್ನು ಅಳಿಸುತ್ತಿರಲಿಲ್ಲ. ಕೈಚೀಲ ಹೆಗಲಿಗೆ ಹಾಕಿಕೊಂಡು ತಿರುಗಿ ನೋಡುತ್ತ ಹೊರಟ ಒಬ್ಬ ತರುಣನನ್ನು ಕೃಷ್ಣವ್ವ ತೋರಿಸಿದಳು. ಓಣಿಯ ರಾಯವ್ವನ ಒಬ್ಬನೇ ಮಗ, ಉಳವಪ್ಪ. ಎಂ.ಕೆ. ಹುಬ್ಬಳ್ಳಿಯ ಕಡೆಗೆ ಕಬ್ಬು ಕಡಿಯಲು ಹೋದವನು ಜ್ವರ ಬಂದು ಅಲ್ಲೇ ತೀರಿಹೋಗಿದ್ದ. ಆಮೇಲೆ ಬಾಜೂ ಮನೆಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿ ಕಾಡಪ್ಪ ಅವನನ್ನು ಬರೆದಿದ್ದ. ಕಾಡಪ್ಪ ಕೃಷ್ಣವ್ವನ ಮೈದುನ.

"ಅವಂದು ಫೋಟೋ ಒಂದೂ ಇಲ್ರಿ. ರಾಯವ್ವ ದಿನಾ ಕೆಲಸಕ್ಕ ಹೋಗೂ ಮುಂದ ಇಲ್ಲೇ ಒಂದ್ ಕ್ಷಣ ನಿಂತು ಹೋಗ್ತಾಳ."

ಬಿಸಿಲು ಏರಿತ್ತು. ಕೃಷ್ಣವ್ವ ಹೊರೆ ಇಳಿಸಿ ಕೇಳಿದಳು: "ನೀವು ನಮ್ಮ ಮನಿ ನೀರು ಕುಡೀತೀರೇನ್ರಿ?"

"ಕುಡೀತೇನಿ, ಕೊಡ್ರಿ," ಎಂದಳು ನರ್ಮದಾ. ಎರಡು ತಂಬಿಗೆ ಕುಡಿದಳು.

ಆ ದೀಪಾವಳಿಗೆ ಅವಳು ಪಣತಿ ಕೆತ್ತಲಿಲ್ಲ. ಗೋಡೆಯ ಮೇಲೆ ಕಂಡಂತೆ ಬಾಯಿ ತೆರೆದು, ಹಗ್ಗ ಎಳೆಯುತ್ತ ನಿಂತ ಕೃಷ್ಣವ್ವನನ್ನು ಕೆತ್ತಿದಳು. ಮೊದಲ ಕಾಗದ ಎತ್ತಿದಾಗಲೇ ಇದು ಬೇರೆ ಎಂದು ಗೊತ್ತಾಯಿತು. ಗಂಗೂಬಾಯಿ ಕೂಡ ಎಣ್ಣೆ ಕೈ ಒರೆಸಿಕೊಂಡು ಬಂದು ನೋಡಿ, "ಯಾರಿಕಿ? ಏನೋ ಬೈಲಿಕ್ಕೆ ಹತ್ಯಾಳಲ್ಲ!" ಎಂದು ನಕ್ಕಳು.

"ಕಟಕೋಳದಾಕಿ ಅವ್ವಾ. ಅಲ್ಲೆ ನೀರು ಕುಡದು ಬಂದೆ."

ಗಂಗೂಬಾಯಿ ನಗು ನಿಲ್ಲಿಸಿ, "ಎಲ್ಲೆ ಕುಡದಿ ಅಂತ ನಾ ಕೇಳಿಲ್ಲ," ಎಂದು ಒಳಗೆ ಹೋದಳು.

ಆಮೇಲೆ ನರ್ಮದಾ ರಜೆ ಸಿಕ್ಕಾಗಲೆಲ್ಲ ಕಟಕೋಳಕ್ಕೆ ಹೋದಳು. ಗೋಡೆಯ ಮುಂದೆ ಕುಳಿತು ಒಬ್ಬೊಬ್ಬರನ್ನೇ ಪೆನ್ಸಿಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿದಳು. ೧೯೭೫ರ ಬೇಸಿಗೆಯಲ್ಲಿ ಹೋದಾಗ ಗೋಡೆಯ ಕೊನೆಯಲ್ಲಿ ಹೊಸಬಳೊಬ್ಬಳು ಬಂದು ನಿಂತಿದ್ದಳು. ಬಿಚ್ಚಿದ ಛತ್ರಿ, ಉದ್ದ ಮೂಗು, ಕಂಕುಳಲ್ಲಿ ನೋಟ್‌ಬುಕ್ಕು. ಕೃಷ್ಣವ್ವ ಬರೆದದ್ದು.

"ಇದು ನಾನೇನ್ರಿ?"

"ಮತ್ಯಾರ? ಇಷ್ಟ ಸಲ ಬಂದೀರಿ. ಬಾಜೂ ಮನಿಯವ್ರ ಆದ್ರಿ."

ಜೀವಮಾನವೆಲ್ಲ ಚಿತ್ರ ಬರೆದ ನರ್ಮದಾಳನ್ನು ಈವರೆಗೆ ಯಾರೂ ಬರೆದಿರಲಿಲ್ಲ. ಬಸ್ಸಿನಲ್ಲಿ ಬೈಲಹೊಂಗಲ ಬರುವವರೆಗೂ ಅವಳು ಒಬ್ಬಳೇ ನಗುತ್ತಿದ್ದಳು.

ಒಂದು ವಿಷಯ ಮಾತ್ರ ಆ ಓಣಿಯವರಿಗೆ ಹೇಳಿರಲಿಲ್ಲ. ಕೃಷ್ಣವ್ವನ ಕಾರ್ಡನ್ನು ಪ್ರೆಸ್ಸಿನ ಗಂಗಯ್ಯ ಹುಬ್ಬಳ್ಳಿಯ ಒಂದು ಮಾಸಿಕದವರಿಗೆ ತೋರಿಸಿದ್ದ. ಅವರು ಅದನ್ನು ೧೯೭೫ರ ದೀಪಾವಳಿ ವಿಶೇಷಾಂಕದಲ್ಲಿ ಒಂದು ಇಡೀ ಪುಟಕ್ಕೆ ಹಾಕಿದರು. ಕೆಳಗೆ ಇದ್ದದ್ದು ಇಷ್ಟೇ: 'ಚಿತ್ರ: ನರ್ಮದಾ ಮುರಗೋಡ'. ಶಾಲೆಯಲ್ಲಿ ಪೇಢೆ ಹಂಚಿದರು. ಧಾರವಾಡದ ಹಳೆಯ ಗುರುಗಳು ಪತ್ರ ಬರೆದು, ನಿನಗೆ ನಿನ್ನ ಕೈ ಸಿಕ್ಕಿತು ಎಂದರು. ಪತ್ರ ಓದಿದಾಗ ಅವಳಿಗೆ ನಾಚಿಕೆಯಾಯಿತು. ಆ ತೆರೆದ ಬಾಯಿ, ಆ ಓರೆ ಭುಜ ಅವಳು ಕಂಡುಹಿಡಿದದ್ದಲ್ಲ. ಓಣಿಯ ಯಾರೋ ನೆರೆಯವರು ಕಂಡದ್ದು. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆಯಿತು. ಆ ವರ್ಷ ಕಟಕೋಳಕ್ಕೆ ಹೋಗುವುದೂ ತಪ್ಪಿತು.

೧೯೭೬ರ ದೀಪಾವಳಿ ರಜೆ ಶುರುವಾದ ದಿನವೇ ಅವಳು ಗಟ್ಟಿ ಮನಸ್ಸು ಮಾಡಿ ವಿಶೇಷಾಂಕವನ್ನೂ ಕಾರ್ಡನ್ನೂ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಕಟಕೋಳದ ಬಸ್ಸು ಹತ್ತಿದಳು.

ಇಳಿದು ನೋಡಿದರೆ ಗೋಡೆ ಬೆಳ್ಳಗಿತ್ತು.

ಮೇಲಿಂದ ಕೆಳಗಿನವರೆಗೆ ಸುಣ್ಣ. ನಡುವೆ ಒಂದು ಕೆಂಪು ತ್ರಿಕೋನ, ಅದರ ಪಕ್ಕದಲ್ಲಿ ಚಿಕ್ಕ ಸಂಸಾರದ ಬಗ್ಗೆ ದಪ್ಪ ಅಕ್ಷರದ ಎರಡು ಸಾಲು. ಒಂದು ಮೂಲೆಯಲ್ಲಿ ಸುಣ್ಣ ಉಜ್ಜಿ ತೊಳೆದ ಕಲೆಯಿತ್ತು. ಆ ಕಲೆಯಲ್ಲಿ ಬರೀ ಮಣ್ಣು ಕಾಣುತ್ತಿತ್ತು.

ಕೃಷ್ಣವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನರ್ಮದಾ ಬಂದು ಪಕ್ಕದಲ್ಲಿ ಕುಳಿತರೂ ಬಹಳ ಹೊತ್ತು ಮಾತಾಡಲಿಲ್ಲ. ಅವಳು ಹೀಗೆ ಸುಮ್ಮನಿದ್ದುದನ್ನು ನರ್ಮದಾ ನೋಡಿರಲೇ ಇಲ್ಲ.

"ತುರ್ತು ಪರಿಸ್ಥಿತಿ ಅಂತಲ್ರಿ. ಯಾರೋ ದೊಡ್ಡ ಸಾಹೇಬ್ರು ಈ ರಸ್ತೇಲೆ ಹೋಗೂವ್ರಿದ್ರಂತ," ಎಂದಳು ಕೊನೆಗೆ. "ರಸ್ತೆಗುಂಟ ಇದ್ದ ಗ್ವಾಡಿಗೆಲ್ಲಾ ಸುಣ್ಣ ಹಚ್ರಿ, ಘೋಷಣಾ ಬರೀರಿ ಅಂದ್ರು. ಕೈ ಮುಗದ್ವಿ. ಕೇಳಲಿಲ್ಲ."

"ಯಾರು ಹಚ್ಚಿದ್ರು?"

ಕೃಷ್ಣವ್ವ ಎದುರು ಮನೆಯ ಕಡೆ ನೋಡಿದಳು. ಹೊಸ್ತಿಲಲ್ಲಿ ಮೊಣಕಾಲು ಮಡಚಿ ಕುಳಿತಿದ್ದ ಗೌಂಡಿ ಕಾಡಪ್ಪ ತಲೆ ಎತ್ತಲಿಲ್ಲ.

"ನಾನ ಹಚ್ಚೇನ್ರಿ ಅಕ್ಕೋರ," ಎಂದ. "ಊರಾಗ ಸುಣ್ಣ ಹಚ್ಚಾಂವ ನಾನ. ನಾ ಒಲ್ಲೆ ಅಂದ್ರ ಬ್ಯಾರೆ ಮಂದಿ ತರತೀವಿ ಅಂದ್ರು. ಬ್ಯಾರೆಯವ್ರು ಬಂದ್ರ ಕೆರದು ತಗದು ಹಚ್ಚತಾರ. ನಾ ಆದ್ರ ತೆಳ್ಳಗ ಹಚ್ಚತೇನಿ, ಸಾಹೇಬ್ರು ಹೋದ ಮ್ಯಾಲ ತೊಳಕೊಂಡ್ರಾತು ಅಂದಕೊಂಡೆ. ಜಾಲಿ ಅಂಟು ಕಲಸಿದ ಬಣ್ಣ ಅದು. ನೀರು ಹಾಕಿ ಉಜ್ಜಿದ ಕೂಡ್ಲೆ ಸುಣ್ಣದ ಕೂಡ ಬಣ್ಣಾನೂ ಇಳದು ಹೋತು. ಒಂದ್ ಮೂಲಿ ತೊಳದು ನೋಡಿ ಕೈ ಬಿಟ್ಟೆ."

ಅವನು ತೊಳೆದದ್ದು ಉಳವಪ್ಪನಿದ್ದ ಮೂಲೆಯನ್ನೇ. ರಾಯವ್ವನಿಗೆ ಮಗನನ್ನು ಬೇಗ ತೋರಿಸಬೇಕೆಂಬ ಆತುರ ಅವನಿಗೆ. ಆ ದಿನದಿಂದ ರಾಯವ್ವ ಕಾಡಪ್ಪನೊಡನೆ ಮಾತು ಬಿಟ್ಟಿದ್ದಳು. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

ನರ್ಮದಾ ಚೀಲ ಬಿಚ್ಚಿದಳು. ಇಂಥ ದಿನ ಇದನ್ನು ಹೇಳುವುದು ಹೇಗೆ ಎಂದು ತೋಚಲಿಲ್ಲ. ಆದರೂ ವಿಶೇಷಾಂಕದ ಪುಟ ತೆಗೆದು ಕೃಷ್ಣವ್ವನ ಮುಂದೆ ಇಟ್ಟಳು. ತಾನು ಕಾರ್ಡು ಮಾಡಿದ್ದು, ಅದು ಪುಸ್ತಕದಲ್ಲಿ ಬಂದದ್ದು, ಕೆಳಗೆ ತನ್ನೊಬ್ಬಳದೇ ಹೆಸರು ಇದ್ದದ್ದು, ಹೊಗಳಿಕೆಯನ್ನೆಲ್ಲ ತಾನೇ ತೆಗೆದುಕೊಂಡದ್ದು, ಎಲ್ಲವನ್ನೂ ಹೇಳಿದಳು.

ಕೃಷ್ಣವ್ವ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದರಾಗ ನಾ ಎಡಗೈಲೆ ಸೇದಾಕತ್ತೇನಲ್ರಿ?"

"ಹಲಿಗಿ ಮ್ಯಾಲೆ ಕೆತ್ತಿದ್ದು ಕಾಗದದ ಮ್ಯಾಲೆ ಉಲ್ಟಾ ಬೀಳ್ತದ."

"ಬಾಯಿ ಮಾತ್ರ ಉಲ್ಟಾ ಆಗಿಲ್ಲ ನೋಡ್ರಿ." ತುಸುವೇ ನಕ್ಕು, ಮತ್ತೆ ಗಂಭೀರಳಾದಳು. "ಸಿಟ್ಟು ಬಂದೈತಿ ಅಕ್ಕೋರ. ಸುಳ್ಳ ಯಾಕ ಹೇಳ್ಲಿ? ಇದನ್ನ ಮೊದಲ ಬರದಾಕಿ ನಮ್ಮ ಹಿತ್ತಲ ಮನಿ ತಂಗೆವ್ವ. ಆಕಿ ಹೆಸರು ಇರಬೇಕಾಗಿತ್ತು."

"ಇರಬೇಕಾಗಿತ್ತು. ತಪ್ಪಾತು," ಎಂದಳು ನರ್ಮದಾ.

"ಆದ್ರ ನೀವು ಬರಕೊಂಡು ಹೋಗದಿದ್ರ ಇವತ್ತ ಇದೂ ಇರತಿರಲಿಲ್ಲ. ಎರಡೂ ಖರೇನ."

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದರು. ನೋಟ್‌ಬುಕ್ಕು ಕೈಯಿಂದ ಕೈಗೆ ಹೋಯಿತು. ಇದು ನಮ್ಮ ಮಾವ, ಇದು ನಮ್ಮ ಹುಡುಗಿ ಎಂದು ಬೆರಳಿಟ್ಟು ತೋರಿಸಿದರು. ಗೊರಕೆ ಮುದುಕನ ಪುಟ ಬಂದಾಗ ಜೋರಾಗಿ ನಕ್ಕರು. ನಗುತ್ತಿದ್ದ ಇಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಗೆ ಬಂದ ರಾಯವ್ವ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಉಳವಪ್ಪ ಇದ್ದ. ಚೀಲ, ಹೆಗಲು, ನಡೆಯುವ ಕಾಲು, ಎಲ್ಲ ಇತ್ತು. ಮುಖದ ಜಾಗದಲ್ಲಿ ಮಾತ್ರ ಒಂದು ಸುತ್ತು ಗೆರೆ. ಆ ದಿನ ಬಸ್ಸು ಬಂತೆಂದು ನರ್ಮದಾ ಅರ್ಧಕ್ಕೆ ಎದ್ದಿದ್ದಳು.

"ಇಷ್ಟರ ಸಿಕ್ತಲ್ಲ," ಎಂದು ರಾಯವ್ವ ನೋಟ್‌ಬುಕ್ಕು ಹಿಂದಕ್ಕೆ ಕೊಟ್ಟಳು.

"ಗ್ವಾಡಿ ಮತ್ತ ಬರಿಯೂಣು," ಎಂದಳೊಬ್ಬಳು.

"ಮತ್ತ ಸುಣ್ಣ ಹಚ್ಚತಾರ," ಎಂದಳು ಕೃಷ್ಣವ್ವ. "ರಸ್ತೆಗುಂಟ ಇರೂ ಗ್ವಾಡಿ ನಮ್ಮದಲ್ಲ ಅಂತ ತಿಳೀತಲ್ಲ ಈಗ." ಆಮೇಲೆ ನರ್ಮದಾಳ ಕಡೆ ತಿರುಗಿದಳು. "ಅಕ್ಕೋರ, ಈ ಹಲಿಗಿ ಕೆತ್ತೂದು ಹೆಂಗ? ಹಲಿಗಿ ಮನಿಯೊಳಗ ಇರತೈತಿ. ಒಂದು ಕಾಗದ ಹರದ್ರ ಇನ್ನೊಂದು ತಗೀಬಹುದು, ಹೌದಲ್ರಿ? ನಮಗೂ ಕಲಸ್ರಿ."

ಮನೆಗೆ ಬಂದು ನರ್ಮದಾ ತಾಯಿಗೆ ಎಲ್ಲ ಹೇಳಿದಳು. ಪಾಡ್ಯ ಮುಗಿದ ಮೇಲೆ ಎಂಟು ದಿನ ಕಟಕೋಳದಲ್ಲಿ ಕೃಷ್ಣವ್ವನ ಮನೆಯಲ್ಲೇ ಇರುತ್ತೇನೆ ಎಂದೂ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿದ್ದಳು. ಗಂಗೂಬಾಯಿ ಬೈಯಲಿಲ್ಲ. ಪಾಡ್ಯದ ಮರುದಿನ ಬೆಳಿಗ್ಗೆ ಒಂದು ದೊಡ್ಡ ಡಬ್ಬಿ ಕರಚಿಕಾಯಿ ಕಟ್ಟಿಕೊಟ್ಟಳು.

"ಎಲ್ಲಾರಿಗೂ ಕೊಡು. ನನಗ ಈ ವಯಸ್ಸಿನಾಗ ಅಲ್ಲೆ ಹೋಗಿ ಉಣ್ಣೂದು ಆಗೂದಿಲ್ಲ ನರ್ಮದಾ. ನನ್ನ ಕೈ ಅಡಗಿ ಆದ್ರೂ ಹೋಗಲಿ."

ಸುದ್ದಿ ಕೇಳಿದ ಗಂಗಯ್ಯ ಮಸಿಯ ಡಬ್ಬಿಗಳ ಜೊತೆಗೆ ಪ್ರೆಸ್ಸಿನಲ್ಲಿ ಉಳಿದಿದ್ದ ಕಾಗದದ ಒಂದು ಕಟ್ಟನ್ನೇ ಬಸ್ಸಿನ ಮೇಲೆ ಹೇರಿಸಿದ.

ಕಟಕೋಳದ ಬಡಿಗನ ಹತ್ತಿರ ಮಾವಿನ ಹಲಗೆಗಳು ಸಿಕ್ಕವು. ಊರಿನ ಕೆಟ್ಟ ಛತ್ರಿಗಳೆಲ್ಲ ಉಳಿಗಳಾದವು. ಸಮಾಜ ಮಂದಿರದ ಒಳಗೆ, ಹಗಲು ಕೂಲಿ ಮುಗಿಸಿ ಬಂದವರು ಸಂಜೆಗೆ, ಮನೆಯಲ್ಲೇ ಇದ್ದವರು ಮಧ್ಯಾಹ್ನಕ್ಕೆ ಕುಳಿತರು. ಕರಾರು ಹಳೆಯದೇ ಇತ್ತು. ಮೊದಲ ದಿನ ನಾಲ್ಕು ಬೆರಳು ಕೊಯ್ದವು. ಎರಡನೆಯ ದಿನ ತಂಗೆವ್ವ ತನ್ನ ಹೆಸರನ್ನು ನೆಟ್ಟಗೆ ಕೆತ್ತಿ, ಕಾಗದದ ಮೇಲೆ ಅದು ಹಿಂದುಮುಂದಾಗಿ ಬಂದದ್ದು ಕಂಡು, "ಇದ್ಯಾವ ಭಾಷಾರಿ!" ಎಂದು ಗಾಬರಿಯಾದಳು. ನರ್ಮದಾ ಶಾಲೆಯಲ್ಲಿ ಕಲಿಸಿದಂತೆ ಅಳತೆ, ಪ್ರಮಾಣ ಎಂದು ಒಂದು ಸಲ ಬಾಯಿ ತೆಗೆದಳು. ಅಲ್ಲಿಗೇ ನಿಲ್ಲಿಸಿದಳು. ಮುಂದೆ ಉಳಿ ಹಿಡಿಯುವುದನ್ನಷ್ಟೇ ಕಲಿಸಿದಳು, ಉಳಿದದ್ದನ್ನು ತಾನೇ ಕುಳಿತು ನೋಡಿದಳು.

ಕಾಡಪ್ಪ ಬರುತ್ತಿದ್ದ. ಹಲಗೆ ನುಣುಪು ಮಾಡಿಕೊಡುತ್ತಿದ್ದ, ಮಸಿ ಕಲಸುತ್ತಿದ್ದ, ಆದರೆ ಉಳಿ ಮುಟ್ಟುತ್ತಿರಲಿಲ್ಲ. ಐದನೆಯ ದಿನ ಕೃಷ್ಣವ್ವ ಅವನ ಮುಂದೆ ಒಂದು ಹಲಗೆ ಇಟ್ಟಳು.

"ನಿನ್ನ ಬಾಜೂ ಮನಿ ಯಾರೂ ಕೆತ್ತಿಲ್ಲ ಇನ್ನೂ."

"ಈ ಕೈಲೆ ಬ್ಯಾಡ ವೈನಿ."

"ಅವನ ಮುಖಾ ನಿನ್ನಷ್ಟು ಯಾರು ನೋಡ್ಯಾರ? ಹೆಗಲ ಮ್ಯಾಲ ಹೊತ್ತು ತಿರುಗಿದಾಂವ ನೀನು."

ನರ್ಮದಾ ನೋಟ್‌ಬುಕ್ಕಿನ ಆ ಪುಟವನ್ನು ತೆರೆದು ಅವನ ಪಕ್ಕದಲ್ಲಿಟ್ಟು ಎದ್ದು ಬಂದಳು. ಕಾಡಪ್ಪ ಆ ಸಂಜೆ ಮುಟ್ಟಲಿಲ್ಲ. ಮರುದಿನ ಕೆಲಸಕ್ಕೆ ಹೋಗದೆ ಕುಳಿತ. ದೇಹವನ್ನು ಪುಟ ನೋಡಿ ಕೆತ್ತಿದ. ಮುಖಕ್ಕೆ ಬಂದಾಗ ನೋಟ್‌ಬುಕ್ಕು ಮುಚ್ಚಿದ. ಒಂದು ಹಲಗೆ ಕೆಟ್ಟಿತು, ಇನ್ನೊಂದು ಕೆಟ್ಟಿತು. ಏಳನೆಯ ದಿನ ಮಧ್ಯಾಹ್ನ ಮೂರನೆಯ ಹಲಗೆಗೆ ತಾನೇ ಮಸಿ ಹಚ್ಚಿ, ಕಾಗದ ಹಾಸಿ, ಸೌಟಿನಿಂದ ತಿಕ್ಕಿದ. ಕಾಗದ ಎತ್ತಲು ಮಾತ್ರ ಅವನಿಗೆ ಧೈರ್ಯವಾಗಲಿಲ್ಲ.

"ನೀವ ಎತ್ರಿ ಅಕ್ಕೋರ."

"ಬ್ಯಾಡ," ಎಂದಳು ನರ್ಮದಾ. "ಅವರನ್ನ ಕರೀರಿ."

ಕೃಷ್ಣವ್ವ ಹೋಗಿ ರಾಯವ್ವನನ್ನು ಕರೆತಂದಳು. ಮುದುಕಿ ಬಗ್ಗಿ ಕಾಗದದ ಎರಡು ಮೂಲೆ ಹಿಡಿದು ನಿಧಾನವಾಗಿ ಎತ್ತಿದಳು. ಚೀಲ ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡುತ್ತ, ಒಂದು ಹುಬ್ಬು ಮೇಲೇರಿಸಿ ಹುಡುಗಾಟಕ್ಕೆ ನಗುತ್ತ ಉಳವಪ್ಪ ನಿಂತಿದ್ದ. ಗೋಡೆಯ ಮೇಲಿನ ಉಳವಪ್ಪ ನಗುತ್ತಿರಲಿಲ್ಲ. ನರ್ಮದಾಳಿಗೆ ಅದು ಚೆನ್ನಾಗಿ ನೆನಪಿತ್ತು.

ರಾಯವ್ವ ಬಹಳ ಹೊತ್ತು ನೋಡಿದಳು.

"ಹೊಂಟ ದಿನ ಹಿಂಗ ನಕ್ಕಿದ್ದ," ಎಂದಳು. "ನೀನೂ ನೋಡಿದ್ದೇನ ಕಾಡಪ್ಪಾ?"

"ನೋಡಿದ್ದೆ ಚಿಗವ್ವಾ. ಬಸ್ ಸ್ಟ್ಯಾಂಡಿಗೆ ಕಳಸಾಕ ನಾನೂ ಬಂದಿದ್ನಲ್ಲ."

"ಗ್ವಾಡಿ ಮ್ಯಾಲ ಯಾಕ ಬರದಿರಲಿಲ್ಲ?"

"ಅವಾಗ ಭಾಳ ದುಃಖ ಇತ್ತು. ನಗಸಾಕ ಬರಲಿಲ್ಲ."

ರಾಯವ್ವ ಅವನ ಮಸಿ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸಂಜೀಗೆ ನನ್ನ ಮನಿಗೆ ಉಣ್ಣಾಕ ಬಾ," ಎಂದಳು. ಅಷ್ಟೇ ಹೇಳಿದಳು. ಕಾಡಪ್ಪ ಗೋಡೆಗೆ ಮುಖಮಾಡಿ ನಿಂತು ಅತ್ತ.

ಎಂಟನೆಯ ದಿನ ಇಪ್ಪತ್ತೆರಡು ಹಲಗೆಗಳೂ ಆದವು. ಪ್ರತಿ ಮನೆಗೂ ಎಲ್ಲ ಚಿತ್ರಗಳ ಒಂದೊಂದು ಪ್ರತಿ ತೆಗೆದು ಹಂಚಿದರು. ಪ್ರತಿ ಚಿತ್ರದ ಕೆಳಗೂ ಕೆತ್ತಿದವರ ಹೆಸರು ಇತ್ತು, ಕೆಲವು ಇನ್ನೂ ಹಿಂದುಮುಂದಾಗಿಯೇ. ಗೋಡೆಯ ಮೇಲಿದ್ದ ಬೋಧಿಮರವನ್ನು ಯಾರಿಗೂ ಅದೇ ರೀತಿ ಕೆತ್ತಲಾಗಲಿಲ್ಲ. ಮೂವತ್ತು ಅಡಿ ಉದ್ದ ಎಲ್ಲರೂ ಒಟ್ಟಿಗೆ ನಿಂತಿದ್ದ ಆ ನೋಟವೂ ಮತ್ತೆ ಬರಲಿಲ್ಲ. ಅದು ಹೋದದ್ದು ಹೋಯಿತು. ನರ್ಮದಾ ಮುಂದೆ ಯಾರು ಕೇಳಿದರೂ, ಕಾಗದ ಗೋಡೆಯಾಗುವುದಿಲ್ಲ ಎಂದೇ ಹೇಳುತ್ತಿದ್ದಳು. ಹುಬ್ಬಳ್ಳಿಯ ಮಾಸಿಕಕ್ಕೆ ತಂಗೆವ್ವನ ಹೆಸರು ಹಾಕಿ ತಿದ್ದುಪಡಿ ಪ್ರಕಟಿಸಿರೆಂದು ಅವಳು ಮೂರು ಪತ್ರ ಬರೆದಳು. ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದರ ನಂತರ ಒಂದು ಸಂಚಿಕೆಯ ಕೊನೆಯ ಪುಟದಲ್ಲಿ ಎರಡು ಸಾಲು ಬಂತು. ಅದನ್ನು ಕತ್ತರಿಸಿ ಕಟಕೋಳಕ್ಕೆ ಕಳಿಸಿದಳು.

ಹೊರಡುವ ದಿನ ಓಣಿಯೆಲ್ಲ ಬಸ್ಸಿನವರೆಗೆ ಬಂತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಗಂಟು ಹೊಸ ಹೆಸರುಕಾಳು ಅವಳ ಮಡಿಲಿಗೆ ಬಿದ್ದವು.

"ಭಾಳ ಉಪಕಾರ ಆತ್ರಿ ಅಕ್ಕೋರ," ಎಂದಳು ಕೃಷ್ಣವ್ವ.

"ಹಂಗ ಅನಬ್ಯಾಡ್ರಿ. ಉಪಕಾರ ಮಾಡಿದವ್ರು ನೀವು," ಎಂದಳು ನರ್ಮದಾ. ಇನ್ನೂ ಏನೋ ಹೇಳಬೇಕೆಂದಿದ್ದಳು. ನಿಮ್ಮಿಂದ ನೋಡಲು ಕಲಿತೆ, ತಪ್ಪು ಹೇಳಿದಾಗಲೂ ನನ್ನನ್ನು ಕಟ್ಟೆಯಿಂದ ಎಬ್ಬಿಸಲಿಲ್ಲ ಎಂದೆಲ್ಲ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಕೃಷ್ಣವ್ವ ಕಿಟಕಿಯ ಹತ್ತಿರ ಬಂದು, "ಹುಷಾರ್ ಹೋಗ್ರಿ, ಅವ್ವಾರಿಗೆ ಕರಚಿಕಾಯಿ ಭಾಳ ಚಲೋ ಇದ್ವು ಅಂತ ಹೇಳ್ರಿ," ಎಂದಳು.

ಬೈಲಹೊಂಗಲ ತಲುಪಿದಾಗ ಸಂಜೆಯಾಗಿತ್ತು. ಗಂಗೂಬಾಯಿ ಗಂಟು ಬಿಚ್ಚಿ ಹೆಸರುಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು. "ಕಾಳು ಭಾಳ ಛಂದ ಅವ," ಎಂದಳು. ಮರುದಿನ ಬೆಳಿಗ್ಗೆ ಅದನ್ನೇ ನೆನೆಹಾಕಿ ಕೋಸಂಬರಿ ಮಾಡಿ, ದೇವರಿಗೆ ನೈವೇದ್ಯ ಮಾಡಿ, ಮಗಳಿಗೆ ಬಡಿಸಿ, ತಾನೂ ಉಂಡಳು.